ತಂಬೂರಿಯ ಬೆನ್ನಿಗಿದ್ದ ಗುಂಯ್ ಸದ್ದು: ಪುಟ್ಟ ಲ್ಯಾಪ್‌ಟಾಪ್‌ನೊಂದಿಗೆ ನಾಲ್ಕು ವರ್ಷ

ಹುಬ್ಬಳ್ಳಿಯಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ ಹತ್ತು ಇಂಚಿನ ಲ್ಯಾಪ್‌ಟಾಪ್ ಇದು. 2 ಜಿಬಿ ರ‍್ಯಾಮ್, ಲಿನಕ್ಸ್. ನಾಲ್ಕು ವರ್ಷಗಳಿಂದ ಇದಕ್ಕೆ ಒಂದೇ ಕೆಲಸ: ಧಾರವಾಡದ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ನನ್ನ ಹೆಡ್‌ಫೋನಿಗೆ ಹಾಡು ಕೊಡುವುದು.

ಮೊದಲ ವಾರವೇ ನಿರಾಶೆಯಾಯಿತು. ಮಲ್ಲಿಕಾರ್ಜುನ ಮನ್ಸೂರರ ಗಾಯನ ಹಚ್ಚಿದರೆ ತಂಬೂರಿಯ ಬೆನ್ನಿಗೇ ಗುಂಯ್ ಎನ್ನುವ ಸದ್ದು. ಹಳೆಯ ಧ್ವನಿಮುದ್ರಣದ ದೋಷವೆಂದು ಸುಮ್ಮನಾದೆ. ಒಂದು ರಾತ್ರಿ ಕರೆಂಟ್ ಹೋಯಿತು. ಬ್ಯಾಟರಿಯ ಬಲದಿಂದ ಹಾಡು ಮುಂದುವರಿಯಿತು, ಗುಂಯ್ ಮಾತ್ರ ನಿಂತಿತು! ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಚಾರ್ಜರಿನಿಂದ ಸೋರುವ ಅಲ್ಪ ವಿದ್ಯುತ್ತು ಕಿವಿಯವರೆಗೂ ಬರುತ್ತಿತ್ತು. ಅಂದಿನಿಂದ ಕೇಳುವಾಗ ಚಾರ್ಜರ್ ಕಿತ್ತಿಡುತ್ತೇನೆ.

ಆದರೂ ಮೌಸ್ ಅಲುಗಿಸಿದಾಗ ಸಣ್ಣ ಚಿರ್ ಸದ್ದು ಉಳಿದಿತ್ತು. ಧ್ವನಿಯ ಚಿಪ್ ಪ್ರೊಸೆಸರ್ ಇರುವ ಬೋರ್ಡಿನ ಮೇಲೆಯೇ ಇರುವುದರಿಂದ ಹೀಗಾಗುತ್ತದೆ. ಡಿಜಿಟಲ್ ಹಾಡನ್ನು ಲ್ಯಾಪ್‌ಟಾಪಿನ ಹೊರಗೇ ಧ್ವನಿಯ ಸಂಕೇತವಾಗಿಸುವ, ಹೆಬ್ಬೆರಳಿನಷ್ಟು ದೊಡ್ಡ ಯುಎಸ್‌ಬಿ ಡ್ಯಾಕ್ ಸಿಕ್ಕಿಸಿದೆ, ಆ ಸದ್ದೂ ಹೋಯಿತು.

ಆ ಮೇಲೆ ಕೇಳಿದ್ದು ಗಂಗೂಬಾಯಿ ಹಾನಗಲ್ಲರ 1930ರ ದಶಕದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆ) ಮುದ್ರಿಕೆಗಳು. ಮೂರು ನಿಮಿಷದ ಹಾಡು, ತೆಳ್ಳಗಿನ ಏರುಕಂಠ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಡುಸಾಗಿ ಕೆಳಗಿಳಿಯಿತಲ್ಲ, ಆ ಕಾಲದ ಖ್ಯಾಲನ್ನು (ರಾಗವನ್ನು ವಿಸ್ತರಿಸುವ ಹಿಂದೂಸ್ತಾನಿ ಗಾಯನ) ಬೆನ್ನಿಗೇ ಕೇಳಿದೆ. ಕಂಠ ಪೂರ್ತಿ ಬೇರೆ, ಸ್ವರದ ಮೇಲೆ ನಿಲ್ಲುವ ಹಟ ಅದೇ. ಹಳೆಯ ತಟ್ಟೆಯಲ್ಲಿ ಮುಳ್ಳು ಉಜ್ಜುವ ಸರಸರ ಇದ್ದೇ ಇದೆ. ಅದು ತಟ್ಟೆಯದೇ ಸದ್ದು, ನನಗೆ ಬೇಕು. ಸಾಫ್ಟ್‌ವೇರ್‌ನಿಂದ ಅದನ್ನು ತೊಳೆದ ಪ್ರತಿಯಲ್ಲಿ ಸ್ವರದ ಬಾಲವೂ ತೊಳೆದುಹೋಗಿದೆ.

ನನ್ನ ಸಿಡಿಗಳನ್ನೆಲ್ಲ ಫ್ಲ್ಯಾಕ್ ಕಡತಗಳಾಗಿ ಇಳಿಸಿದ್ದೇನೆ. ಒಂದೊಂದು ಸಿಡಿ ಸುಮಾರು 300 ಎಂಬಿ, ಮೂಲದ ಅರ್ಧದಷ್ಟು, ಆದರೆ ಧ್ವನಿ ಏನೂ ನಷ್ಟವಾಗುವುದಿಲ್ಲ. ಎರಡನೆಯ ವರ್ಷ ಹಾರ್ಡ್ ಡಿಸ್ಕ್ ಟಕಟಕ ಎನ್ನತೊಡಗಿತು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದೆ. 32 ಓಮ್‌ನ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ನನ್ನ ಹೆಡ್‌ಫೋನಿಗೆ ಈ ಡ್ಯಾಕ್ ಧಾರಾಳ. ಗೆಳೆಯನ 250 ಓಮ್‌ನದ್ದನ್ನು ಜೋಡಿಸಿದಾಗ ದನಿ ಪೂರ್ತಿ ಏರಿಸಿದರೂ ಸಾಲಲಿಲ್ಲ.

“ಮೊಬೈಲ್ ಇರುವಾಗ ಇದೇಕೆ?” ಎಂದು ಆತ ಕೇಳಿದ. ಆಲಾಪದ ನಡುವೆ ಕರೆ ಬರುವುದನ್ನು ನಾನು ಸಹಿಸಲಾರೆ. ಈ ಯಂತ್ರಕ್ಕೆ ಯಾರೂ ಕರೆ ಮಾಡುವುದಿಲ್ಲ.

ನಿಜವಾದ ಕೊರತೆ ಬ್ಯಾಟರಿಯದು. ಐದು ಗಂಟೆ ಬರುತ್ತಿದ್ದದ್ದು ಈಗ ಒಂದೂವರೆಗೆ ಇಳಿದಿದೆ. ಈ ಮಾದರಿಯ ಹೊಸ ಬ್ಯಾಟರಿಗಾಗಿ ಅಂಗಡಿ ಅಂಗಡಿ ಅಲೆಯುತ್ತಿದ್ದೇನೆ. ಸಿಗುವವರೆಗೆ ಸಂಜೆ ಏಳಕ್ಕೆ ಚಾರ್ಜಿಗಿಟ್ಟು, ಹತ್ತಕ್ಕೆ ಕಿತ್ತು ಕೂರುತ್ತೇನೆ. ರಾತ್ರಿಗೆ ಒಂದು ದೊಡ್ಡ ಖ್ಯಾಲ್, ಒಂದೆರಡು ವಚನ, ಅಷ್ಟೇ.