ಹೆಸರಿನಿಂದಲೇ ಪಾಠ ಶುರುವಾದ ಕಂಸಾಳೆ ಶಿಬಿರ

ಕೈತಾಳ ಹಿಡಿದು ಕುಣಿಯುವ ಕಂಸಾಳೆ ಕುಣಿತದ, ಮೈಸೂರಿನಲ್ಲಿ ನಡೆದ ಎರಡು ದಿನಗಳ ಶಿಬಿರಕ್ಕೆ ನಾನು ಸೇರಿದ್ದು ಹೆಜ್ಜೆ ಕಲಿಯಲೆಂದು. ಆದರೆ ಮೊದಲ ದಿನದ ಬೆಳಗಿನ ಒಂದು ಗಂಟೆಯನ್ನು ಗುರುಗಳು ಆ ಹೆಸರಿಗೇ ಮೀಸಲಿಟ್ಟರು, ಮತ್ತು ಇಡೀ ಶಿಬಿರದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ್ದು ಅದೇ.

ಕಾಂಸ್ಯವೆಂದರೆ ಕಂಚು, 'ಕಾಂಸ್ಯತಾಳ' ಎಂಬ ಸಂಸ್ಕೃತ ಸಮಾಸ ಜನರ ಬಾಯಲ್ಲಿ ಸವೆದು 'ಕಂಸಾಳೆ' ಆಯಿತು, ಮನೆಮಾತಿನ 'ಕಂಚು' ಕೂಡ ಅದೇ ಕಾಂಸ್ಯದ ತದ್ಭವ. ಹೀಗೆ ವಾದ್ಯದ ಹೆಸರೇ ಕುಣಿತಕ್ಕೂ ನಿಂತಿದೆ. ಶಿಬಿರದವರು ಹಂಚಿದ ಕರಪತ್ರ ಮಾತ್ರ ಈ ಪದವನ್ನು ಮಥುರೆಯ ಕಂಸನಿಗೆ ಗಂಟುಹಾಕಿತ್ತು. ಮಲೆ ಮಹದೇಶ್ವರನ ಒಕ್ಕಲಾದ ದೇವರಗುಡ್ಡರು ದೀಕ್ಷೆಯೊಂದಿಗೆ ಪಡೆದು ಕಾಪಾಡಿಕೊಂಡು ಬಂದ ವಾದ್ಯದ ಬಗ್ಗೆ ಇಂಥ ಅಜಾಗರೂಕತೆ ಸಲ್ಲದು, ಮುಂದಿನ ಶಿಬಿರಕ್ಕೆ ಮುನ್ನ ಅದನ್ನು ತಿದ್ದಲೇಬೇಕು.

ಎಡಗೈಗೆ ಬಟ್ಟಲಿನಂಥ ತಾಳ, ಬಲಗೈಗೆ ಉದ್ದದ ದಾರ ಪೋಣಿಸಿದ ತಟ್ಟೆಯಂಥ ತಾಳ. ದಾರವನ್ನು ಬೆರಳಿಗೆ ಸುತ್ತಿಕೊಂಡು ತಟ್ಟೆಯನ್ನು ತಲೆಯ ಮೇಲಿಂದ, ಬೆನ್ನ ಹಿಂದಿನಿಂದ ತಂದು ಬಟ್ಟಲಿಗೆ ತಾಗಿಸಬೇಕು. ನಾನು ತೋಳಿನ ಬಲವನ್ನೆಲ್ಲ ಹಾಕಿ ಹೊಡೆಯುತ್ತಿದ್ದೆ, ಕಂಚು ಒಡಕುದನಿಯಲ್ಲಿ ಅರಚುತ್ತಿತ್ತು. ಆಗ ಗುರುಗಳು ಇದರ ಪೂರ್ತಿ ಹೆಸರು 'ಬೀಸು ಕಂಸಾಳೆ' ಎಂದು ನೆನಪಿಸಿ, ಕವಣೆ ಬೀಸುವವನು ಕಲ್ಲನ್ನು ತಳ್ಳುವುದಿಲ್ಲ, ಸುತ್ತಿನ ವೇಗಕ್ಕೆ ಬಿಟ್ಟುಕೊಡುತ್ತಾನೆ ಎಂದು ತೋರಿಸಿಕೊಟ್ಟರು. ಮಣಿಕಟ್ಟನ್ನು ಸಡಿಲಬಿಟ್ಟೊಡನೆ ತಟ್ಟೆ ತಾನಾಗಿ ಬಂದು ಬಟ್ಟಲಿನ ಅಂಚನ್ನು ಮುಟ್ಟಿ, ಕಂಚು ತುಂಬುದನಿಯಲ್ಲಿ ಮೊಳಗಿತು. ಕ್ರಿಯಾಪದವೊಂದು ಕೈಗೆ ಇಷ್ಟು ನೇರವಾಗಿ ಪಾಠ ಹೇಳಬಲ್ಲದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೊರತೆಗಳೂ ಇದ್ದವು. ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಹತ್ತೇ ಜೊತೆ ಕಂಸಾಳೆ ಇದ್ದುದರಿಂದ ಅರ್ಧ ಹೊತ್ತು ಸರದಿಗಾಗಿ ಕಾಯಬೇಕಾಯಿತು. ಕುಳಿತು ಹಾಡುವ ಕಥನ ಪರಂಪರೆಗೆ, ಅಂದರೆ ಮಹದೇಶ್ವರನ ಕಾವ್ಯದ ಭಾಗಗಳಾದ ಶ್ರವಣದೊರೆಯ ಸಾಲು, ಸಂಕಮ್ಮನ ಸಾಲುಗಳಿಗೆ, ಕೊನೆಯ ಹದಿನೈದು ನಿಮಿಷವಷ್ಟೇ ಸಿಕ್ಕಿತು. ವೇದಿಕೆಯ ಕಸರತ್ತನ್ನಷ್ಟೇ ಕಂಡವರಿಗೆ ಆ ಹಾಡುಗಳೇ ಮೊದಲು ಕೇಳಿಸಬೇಕಿತ್ತು. ಇಷ್ಟಾದರೂ ಹೊಸಬರಿಗೆ ನಾನು ಈ ಶಿಬಿರವನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಸ್ವಂತ ಕಂಸಾಳೆ ಇದ್ದರೆ ಜೊತೆಗೆ ಒಯ್ಯಿರಿ, ಬೆಳಗಿನ ಮೊದಲ ಗಂಟೆಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.