ಹಳೆಯ ಕಾರಿನ ಜನ್ಮದಾಖಲೆ: ಬ್ರಿಟಿಷ್ ಮೋಟಾರ್ ಮ್ಯೂಸಿಯಂನ ಹೆರಿಟೇಜ್ ಸರ್ಟಿಫಿಕೇಟ್
ಅಪರೂಪದ ಹಳೆಯ ಕಾರೊಂದನ್ನು ಕೊಳ್ಳಲು ಹೊರಟವರಿಗೂ, ಈಗಾಗಲೇ ಇರುವುದನ್ನು ಉಳಿಸಿಕೊಳ್ಳಬೇಕೆನ್ನುವವರಿಗೂ ಮೊದಲು ತಿಳಿಯಬೇಕಾದದ್ದು ಆ ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತು ಎಂಬುದು. ಬ್ರಿಟಿಷ್ ಕಾರುಗಳ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಕೊಡುವ ಸೇವೆಗಳಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿರುವುದು ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ನೀಡುವ ಹೆರಿಟೇಜ್ ಸರ್ಟಿಫಿಕೇಟ್. ಆಸ್ಟಿನ್, ಮಾರಿಸ್, ಎಂಜಿ, ಆಸ್ಟಿನ್-ಹೀಲಿ, ರೋವರ್, ಲ್ಯಾಂಡ್ ರೋವರ್, ಟ್ರಯಂಫ್ ಮೊದಲಾದ ಹೆಸರುಗಳ ಉತ್ಪಾದನಾ ದಾಖಲೆಗಳು ಅಲ್ಲಿನ ಪತ್ರಾಗಾರದಲ್ಲಿವೆ. ಮಾಲೀಕರು ಚಾಸಿಸ್ ನಂಬರನ್ನೂ ಕಾರಿನ ಇತರ ವಿವರಗಳನ್ನೂ ಕೊಟ್ಟು ಶುಲ್ಕ ಕಟ್ಟಿದರೆ, ಸಿಬ್ಬಂದಿ ಆ ಕಾರಿನ ನಮೂದನ್ನು ಹುಡುಕಿ, ಅದರಲ್ಲಿರುವುದನ್ನು ಪ್ರಮಾಣಪತ್ರದ ರೂಪದಲ್ಲಿ ಕಳುಹಿಸಿಕೊಡುತ್ತಾರೆ.

ಆ ಹಾಳೆಯಲ್ಲಿ ಸಾಮಾನ್ಯವಾಗಿ ಚಾಸಿಸ್, ಎಂಜಿನ್ ಮತ್ತು ಬಾಡಿ ನಂಬರುಗಳು, ಹೊರಗಿನ ಬಣ್ಣ, ಒಳಗಿನ ಸೀಟು ಮತ್ತು ಹೊದಿಕೆಗಳ ಬಣ್ಣ, ತಯಾರಾದ ಮತ್ತು ರವಾನೆಯಾದ ದಿನಾಂಕಗಳು, ಯಾವ ವಿತರಕರಿಗೆ ಅಥವಾ ಯಾವ ದೇಶಕ್ಕೆ ಹೋಯಿತು ಎಂಬ ಮಾಹಿತಿ, ಮತ್ತು ಕಾರ್ಖಾನೆಯಲ್ಲಿಯೇ ಜೋಡಿಸಿದ ಹೆಚ್ಚುವರಿ ಸಲಕರಣೆಗಳ ಪಟ್ಟಿ ಇರುತ್ತವೆ. ನೋಡಲು ಸಾಧಾರಣ ಕಾಗದ. ಆದರೆ ಇದರಲ್ಲಿರುವುದು ಯಾರೋ ನೆನಪಿನಿಂದ ಹೇಳಿದ ಮಾತಲ್ಲ. ಕಾರು ತಯಾರಾದ ಕಾಲದಲ್ಲೇ, ಮುಂದೊಂದು ದಿನ ಅದಕ್ಕೆ ಬೆಲೆ ಬಂದೀತೆಂಬ ಯಾವ ಎಣಿಕೆಯೂ ಇಲ್ಲದ ಗುಮಾಸ್ತರು ತಮ್ಮ ನಿತ್ಯದ ಕೆಲಸವಾಗಿ ಬರೆದಿಟ್ಟ ಲೆಕ್ಕ. ಆ ಬರಹಕ್ಕೆ ಯಾರನ್ನೂ ಒಪ್ಪಿಸುವ ಉದ್ದೇಶವಿರಲಿಲ್ಲ ಎನ್ನುವುದೇ ಅದನ್ನು ನಂಬಲು ನನಗಿರುವ ದೊಡ್ಡ ಕಾರಣ.

ಈ ಸೇವೆಯ ನಿಜವಾದ ಬೆಲೆ ತಿಳಿಯಬೇಕಾದರೆ ಆಸ್ಟಿನ್-ಹೀಲಿ 100ಎಂ ಕಾರಿನ ಉದಾಹರಣೆಯನ್ನು ನೋಡಬೇಕು. 1953ರಿಂದ 1956ರವರೆಗೆ ತಯಾರಾದ ಆಸ್ಟಿನ್-ಹೀಲಿ 100 ಕಾರಿನಲ್ಲಿ 2660 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಇತ್ತು. ಅದರ ಶಕ್ತಿ 90 ಅಶ್ವಶಕ್ತಿ. ಇದಕ್ಕೆ ದೊಡ್ಡ ಕಾರ್ಬ್ಯುರೇಟರುಗಳು, ತಂಪು ಗಾಳಿಯನ್ನು ಒದಗಿಸುವ ಪೆಟ್ಟಿಗೆ, ಬೇರೆ ಕ್ಯಾಮ್‌ಶಾಫ್ಟ್ ಮುಂತಾದವುಗಳನ್ನು ಒಳಗೊಂಡ ‘ಲೆ ಮಾನ್ಸ್’ (ಫ್ರಾನ್ಸಿನ ಪ್ರಸಿದ್ಧ ಕಾರ್ ರೇಸಿನ ಹೆಸರು) ಕಿಟ್ ಒಂದನ್ನು ಮಾರಲಾಗುತ್ತಿತ್ತು. ಯಾವ ಮಾಲೀಕರು ಬೇಕಾದರೂ ಅದನ್ನು ಕೊಂಡು ತಮ್ಮ ಕಾರಿಗೆ ಹಾಕಿಸಿಕೊಳ್ಳಬಹುದಿತ್ತು. ಈ ಬದಲಾವಣೆಗಳ ಜೊತೆಗೆ ಹೆಚ್ಚಿನ ಒತ್ತಡದ ಪಿಸ್ಟನ್‌ಗಳನ್ನೂ, ಗಾಳಿಕಿಂಡಿಗಳಿರುವ ಬಾನೆಟ್ಟನ್ನೂ, ಅದನ್ನು ಬಿಗಿಯುವ ಚರ್ಮದ ಪಟ್ಟಿಯನ್ನೂ ಹೊಂದಿ ತಯಾರಕರ ಕಡೆಯಿಂದಲೇ 110 ಅಶ್ವಶಕ್ತಿಯ 100ಎಂ ಆಗಿ ಹೊರಬಂದವು 640 ಕಾರುಗಳು ಮಾತ್ರ. ಆ ಪಿಸ್ಟನ್‌ಗಳನ್ನು ಬಿಟ್ಟರೆ ಉಳಿದದ್ದೆಲ್ಲವನ್ನೂ ನಂತರ ಜೋಡಿಸಿಕೊಂಡ ಕಾರು ಮತ್ತು ಅಸಲಿ 100ಎಂ ಅಕ್ಕಪಕ್ಕ ನಿಂತರೆ, ಅನುಭವಿಗಳ ಕಣ್ಣು ಕೂಡ ಮೇಲ್ನೋಟಕ್ಕೆ ವ್ಯತ್ಯಾಸ ಹಿಡಿಯಲಾರದು. ಇಲ್ಲಿ ಹೆರಿಟೇಜ್ ಸರ್ಟಿಫಿಕೇಟ್ ನಿರ್ಣಾಯಕವಾಗುತ್ತದೆ. ಅಸಲಿ ಕಾರಿನ ನಮೂದು ಅದರ ಹುಟ್ಟನ್ನು ಹೇಳುತ್ತದೆ, ಕಿಟ್ ಹಾಕಿದ ಕಾರಿನ ನಮೂದು ಅದು ಸಾಮಾನ್ಯ 100 ಆಗಿಯೇ ಹೊರಟಿತೆಂದು ತಿಳಿಸುತ್ತದೆ. ಮಿನಿ ಎಂಬ ಪುಟ್ಟ ಕಾರಿನ ವೇಗದ ಮಾದರಿಯಾದ ಮಿನಿ ಕೂಪರ್ ಎಸ್ ಕಥೆಯೂ ಇಂಥದ್ದೇ. 1964, 1965 ಮತ್ತು 1967ರ ಮಾಂಟೆ ಕಾರ್ಲೊ ರ್‍ಯಾಲಿಗಳನ್ನು ಗೆದ್ದ ಮೇಲೆ ಆ ಹೆಸರಿಗೆ ಬಂದ ಗೌರವದಿಂದಾಗಿ ಸಾಮಾನ್ಯ ಮಿನಿಗಳಿಗೆ ಕೂಪರ್ ಎಸ್ ವೇಷ ತೊಡಿಸುವುದು ಲಾಭದ ದಂಧೆಯಾಗಿದೆ.

ಇಷ್ಟಾದರೂ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಈ ಪ್ರಮಾಣಪತ್ರ ದಾಖಲೆಯಲ್ಲಿರುವ ಕಾರಿನ ಬಗ್ಗೆ ಮಾತನಾಡುತ್ತದೆಯೇ ಹೊರತು ನಿಮ್ಮ ಮುಂದೆ ನಿಂತಿರುವ ಕಾರಿನ ಬಗ್ಗೆ ಅಲ್ಲ. ಅದನ್ನು ಬರೆದುಕೊಡುವವರು ಕಾರನ್ನು ಮುಟ್ಟಿ ಪರೀಕ್ಷಿಸಿರುವುದಿಲ್ಲ. ಎಂದೋ ಗುಜರಿಗೆ ಹೋದ ಕಾರಿನ ಚಾಸಿಸ್ ನಂಬರಿನ ಪ್ಲೇಟನ್ನು ಇನ್ನೊಂದು ಕಾರಿನ ಬಾಡಿಯ ಮೇಲೆ ಜಡಿದು, ಆ ನಂಬರಿನ ಪ್ರಮಾಣಪತ್ರವನ್ನು ತೋರಿಸಿ ಮಾರುವುದು ಅಸಾಧ್ಯವೇನಲ್ಲ, ಏಕೆಂದರೆ ಚಾಸಿಸ್ ಪ್ಲೇಟ್ ಎನ್ನುವುದು ರಿವೆಟ್ಟುಗಳಿಂದ ಕೂರಿಸಿದ ಒಂದು ತಗಡು, ಹಳೆಯದರಂತೆಯೇ ಕಾಣುವ ಹೊಸ ಪ್ಲೇಟುಗಳೂ ದೊರೆಯುತ್ತವೆ. ಆದ್ದರಿಂದ ಹಾಳೆಯಲ್ಲಿರುವ ಒಂದೊಂದು ಸಾಲನ್ನೂ ಲೋಹದಲ್ಲಿ ಹುಡುಕಬೇಕು. ಆಸ್ಟಿನ್-ಹೀಲಿ 100ರ ಬಾಡಿಗಳನ್ನು ಜೆನ್ಸನ್ ಸಂಸ್ಥೆ ತಯಾರಿಸಿ, ಬಣ್ಣ ಬಳಿದು, ಒಳಗಿನ ಹೊದಿಕೆಯನ್ನೂ ಮುಗಿಸಿ, ಲಾಂಗ್‌ಬ್ರಿಜ್‌ನ ಆಸ್ಟಿನ್ ಕಾರ್ಖಾನೆಗೆ ಜೋಡಣೆಗಾಗಿ ಕಳುಹಿಸುತ್ತಿತ್ತು. ಬಿಡಿಭಾಗಗಳು ಅದಲುಬದಲಾಗದಿರಲಿ ಎಂದು ಬಾನೆಟ್, ಡಿಕ್ಕಿಯ ಬಾಗಿಲು ಮುಂತಾದವುಗಳ ಮೇಲೆ ಬಾಡಿ ನಂಬರಿನ ಅಂಕಿಗಳನ್ನು ಒತ್ತಲಾಗುತ್ತಿತ್ತು. ಪ್ರಮಾಣಪತ್ರದ ಬಾಡಿ ನಂಬರಿಗೂ ಈ ಮರೆಯ ಅಂಕಿಗಳಿಗೂ ತಾಳೆಯಾದರೆ ಸಿಗುವ ಭರವಸೆ, ಹೊಳೆಯುವ ಚಾಸಿಸ್ ಪ್ಲೇಟಿನಿಂದ ಎಂದೂ ಸಿಗದು.

ಎಂಜಿನ್ ನಂಬರ್ ತಾಳೆಯಾಗದಿದ್ದರೆ ಗಾಬರಿಪಡಬೇಕಾಗಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಆಸ್ಟಿನ್, ಮಾರಿಸ್ ಮೊದಲಾದವುಗಳ ಮಾತೃಸಂಸ್ಥೆಯಾಗಿದ್ದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ತನ್ನ ವಿತರಕರ ಮೂಲಕ ‘ಗೋಲ್ಡ್ ಸೀಲ್’ ಎಂಬ ಹೆಸರಿನಲ್ಲಿ ನವೀಕರಿಸಿದ ಎಂಜಿನ್‌ಗಳನ್ನು ಸವೆದ ಎಂಜಿನ್‌ಗಳಿಗೆ ಬದಲಾಗಿ ಕೊಡುತ್ತಿತ್ತು. ಹೀಗೆ ಬದಲಾದ ಕಾರಿನಲ್ಲಿ ಮೂಲ ನಂಬರ್ ಇಲ್ಲದಿರುವುದು ಸಹಜ, ಅದು ಆ ಕಾರಿನ ಪ್ರಾಮಾಣಿಕ ಇತಿಹಾಸವೇ. ಮೋಸ ಶುರುವಾಗುವುದು ಸಿಕ್ಕ ಎಂಜಿನ್ ಮೇಲಿನ ಅಂಕಿಯನ್ನು ಉಜ್ಜಿ ಅಳಿಸಿ ಪ್ರಮಾಣಪತ್ರದಲ್ಲಿರುವ ಅಂಕಿಯನ್ನು ಒತ್ತಿದಾಗ. ಅಕ್ಷರಗಳ ಆಕಾರ, ಅಚ್ಚಿನ ಆಳ, ಸುತ್ತಲಿನ ಲೋಹದ ಮೇಲಿನ ಉಜ್ಜಿದ ಗೆರೆಗಳು ಇದನ್ನು ಬಯಲು ಮಾಡುತ್ತವೆ. ಅಂಕಿ ಒತ್ತುವಾಗ ಅದರ ಕೆಳಗಿನ ಲೋಹವೂ ಹಿಸುಕಿಕೊಂಡು ಬದಲಾಗುವುದರಿಂದ, ಅಳಿಸಿದ ಅಂಕಿಯನ್ನು ಆಮ್ಲದ ಲೇಪನದಿಂದ ಮತ್ತೆ ಕಾಣುವಂತೆ ಮಾಡಲು ಪರಿಣತರಿಗೆ ಎಷ್ಟೋ ಸಲ ಸಾಧ್ಯವಾಗುತ್ತದೆ.

ಗುರುತಿಸುವ ಕೆಲಸಕ್ಕಿಂತ ಸಂರಕ್ಷಣೆಯ ಕೆಲಸದಲ್ಲಿ ಈ ಸೇವೆ ಹೆಚ್ಚು ಉಪಕಾರಿ ಎಂದು ನಾನು ಹೇಳುತ್ತೇನೆ. ಕೊಳ್ಳುವವರ ಮಾತಿನ ನಡುವೆ ಈ ಅಂಶ ಮರೆಯಾಗಿಬಿಟ್ಟಿದೆ. ಪ್ರಮಾಣಪತ್ರ ಕಾರಿನ ಮೂಲ ಬಣ್ಣ ನೀಲಿ ಎನ್ನುತ್ತಿದ್ದು ಕಾರು ಈಗ ಕೆಂಪಾಗಿದ್ದರೆ, ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲ ಹೊದಿಕೆಯ ಒಳಗೆ, ಡಿಕ್ಕಿಯ ನೆಲದ ಕೆಳಗೆ ಆ ನೀಲಿ ಇನ್ನೂ ಉಳಿದಿರಬಹುದು. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಬಣ್ಣವನ್ನು ನಯವಾದ ಮರಳುಕಾಗದದಿಂದ ಇಳಿಜಾರಾಗಿ ಉಜ್ಜಿದರೆ, ಮರದ ಕಾಂಡದ ಉಂಗುರಗಳಂತೆ ಪದರಗಳು ಒಂದರ ಹಿಂದೊಂದು ಕಾಣಿಸಿಕೊಳ್ಳುತ್ತವೆ: ತಳದ ಪ್ರೈಮರ್, ಕಾರ್ಖಾನೆಯ ಮೊದಲ ಬಣ್ಣ, ಆಮೇಲಿನ ರಿಪೇರಿಗಳು. ಯಾವ ಪದರ ಯಾವ ಕಾಲದ್ದೆಂದು ಹೇಳಲು ಒಂದು ಆಧಾರ ಬೇಕು, ಅದನ್ನು ಪ್ರಮಾಣಪತ್ರ ಕೊಡುತ್ತದೆ. ಮೂಲ ಪದರ ಉಳಿದಿದೆಯೆಂದು ಖಚಿತವಾದ ಕಡೆ ಗ್ಯಾರೇಜಿನವರು ಬಣ್ಣ ಕೆರೆಯುವುದನ್ನು ಮಾಲೀಕರು ತಡೆಯಬಹುದು. ಕಾರನ್ನು ಎಷ್ಟು ಸಲ ಬೇಕಾದರೂ ಹೊಸದಾಗಿಸಬಹುದು, ಆದರೆ ಕಾರ್ಖಾನೆಯ ಬಣ್ಣವನ್ನು ಒಮ್ಮೆ ಕೆರೆದು ತೆಗೆದರೆ ಅದು ಮರಳಿ ಬರುವುದಿಲ್ಲ.

ಆಸ್ಟಿನ್-ಹೀಲಿ 100ರಲ್ಲಿ ಮುಂದಿನ ಮತ್ತು ಹಿಂದಿನ ಬಾಡಿಭಾಗಗಳು ಅಲ್ಯೂಮಿನಿಯಂ, ಮಡ್‌ಗಾರ್ಡುಗಳು ಉಕ್ಕು. ಎರಡು ಲೋಹಗಳು ತೇವದಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ರಾಸಾಯನಿಕ ಕ್ರಿಯೆಯಿಂದ ಅಲ್ಯೂಮಿನಿಯಂ ಬೇಗ ಸವೆಯುತ್ತದೆ, ಅದಕ್ಕೇ ಈ ಕೀಲುಗಳಲ್ಲಿ ಹಾನಿ ಹೆಚ್ಚು. ಅಲ್ಲಿ ಭಾಗವನ್ನು ಬದಲಿಸಲೇಬೇಕಾದರೆ ಅಂಕಿ ಒತ್ತಿರುವ ಹಳೆಯ ತುಂಡನ್ನು ಕತ್ತರಿಸಿ ಎಸೆಯದೆ ಕಾರಿನ ಕಡತದೊಂದಿಗೆ ಇಡಬೇಕು, ಹೊಸ ಭಾಗದ ಮೇಲೆ ಅದು ಹೊಸದೆಂಬ ಗುರುತನ್ನೂ ಹಾಕಬೇಕು. 1966ರಲ್ಲಿ ಸ್ಥಾಪನೆಯಾದ, ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ರೂಪಿಸಿರುವ ಟ್ಯೂರಿನ್ ಸನ್ನದು, ಅಂದರೆ ಅಂಥ ವಾಹನಗಳ ಸಂರಕ್ಷಣೆಯ ತತ್ವಗಳ ದಾಖಲೆ, ಬಯಸುವುದೂ ಇದನ್ನೇ.

ಫೀವಾ ಕೊಡುವ ಗುರುತಿನ ಚೀಟಿಯನ್ನು ಈ ಪ್ರಮಾಣಪತ್ರದ ಪಕ್ಕದಲ್ಲಿಟ್ಟು ನೋಡುವುದು ಉಚಿತ. ಅಲ್ಲಿ ಪರಿಶೀಲಕರು ಕಾರನ್ನೇ ನೋಡಿ, ಅದು ಮೂಲ ರೂಪದಲ್ಲಿದೆಯೇ, ತನ್ನ ಕಾಲದಲ್ಲಿಯೇ ಮಾರ್ಪಾಡಾದದ್ದೇ ಅಥವಾ ಆಮೇಲೆ ಬದಲಾದದ್ದೇ ಎಂದು ವರ್ಗೀಕರಿಸುತ್ತಾರೆ. ಒಂದು ದಾಖಲೆ ಹುಟ್ಟನ್ನು ಹೇಳುತ್ತದೆ, ಇನ್ನೊಂದು ಇಂದಿನ ಸ್ಥಿತಿಯನ್ನು. ನಡುವಿನ ವರ್ಷಗಳನ್ನು ಎರಡೂ ಹೇಳುವುದಿಲ್ಲ, ಆದರೆ ಕಾರಿನ ಗುರುತು ನಿಂತಿರುವುದು ಅನೇಕ ಸಲ ಆ ವರ್ಷಗಳ ಮೇಲೆಯೇ. 1929 ಮತ್ತು 1930ರ ಲೆ ಮಾನ್ಸ್ ರೇಸುಗಳನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರಿನ ಮಾರಾಟದ ವಿವಾದ 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನ ಮುಂದೆ ಬಂದಿತ್ತು. ಗೆದ್ದ ದಿನದ ಲೋಹ ಅದರಲ್ಲಿ ಉಳಿದದ್ದು ಅತ್ಯಲ್ಪವಾಗಿದ್ದರೂ, ಅದರ ಇತಿಹಾಸ ಎಲ್ಲಿಯೂ ಕಡಿಯದೆ ಮುಂದುವರಿದು ಬಂದಿರುವುದರಿಂದ ಆ ಹೆಸರು ಆ ಕಾರಿಗೆ ಸಲ್ಲುತ್ತದೆ ಎಂದು ನ್ಯಾಯಾಲಯ ತೀರ್ಪು ನೀಡಿತು. ಹಾಗಾಗಿ ರಿಪೇರಿ ಬಿಲ್ಲುಗಳು, ಹಳೆಯ ನೋಂದಣಿ ಪುಸ್ತಕಗಳು, ಹಿಂದಿನ ಮಾಲೀಕರ ಛಾಯಾಚಿತ್ರಗಳು ಪ್ರಮಾಣಪತ್ರದಷ್ಟೇ ಅಮೂಲ್ಯ ಎಂದು ನಾನು ತಿಳಿಯುತ್ತೇನೆ.

ಕೊರತೆಗಳೂ ಇವೆ. ಎಲ್ಲ ಮಾದರಿಗಳ ಎಲ್ಲ ವರ್ಷಗಳ ದಾಖಲೆಗಳು ಉಳಿದು ಬಂದಿಲ್ಲ. ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಹೊರದೇಶಕ್ಕೆ ಹೋಗಿ ಅಲ್ಲಿ ಜೋಡಣೆಯಾದ ಕಾರುಗಳ ನಮೂದಿನಲ್ಲಿ, ಬಣ್ಣ ಬಳಿಯುವಂಥ ಕೆಲಸಗಳು ಅಲ್ಲಿಯೇ ನಡೆದ ಕಾರಣ, ವಿವರ ಕಡಿಮೆ. ಮೊದಲ ಮಾಲೀಕರ ಹೆಸರೂ ಸಾಮಾನ್ಯವಾಗಿ ಸಿಗುವುದಿಲ್ಲ; ರೋಲ್ಸ್-ರಾಯ್ಸ್ ಕಾರುಗಳ ಹಳೆಯ ಚಾಸಿಸ್ ಕಾರ್ಡುಗಳನ್ನು ಕಾಪಾಡಿಕೊಂಡು ಬಂದಿರುವ ಅದರ ಅಭಿಮಾನಿಗಳ ಕ್ಲಬ್ಬಿನ ಪತ್ರಾಗಾರ ಈ ವಿಷಯದಲ್ಲಿ ಹೆಚ್ಚು ಶ್ರೀಮಂತ. ಲೆಡ್ಜರಿನ ಮೂಲ ಪುಟದ ಚಿತ್ರವನ್ನು ಪ್ರತಿಯೊಂದು ಪ್ರಮಾಣಪತ್ರದ ಜೊತೆಗೂ ಲಗತ್ತಿಸಿದರೆ ಬಹಳ ಒಳ್ಳೆಯದಾಗುತ್ತದೆ, ಏಕೆಂದರೆ ಗುಮಾಸ್ತರ ತಿದ್ದುಪಡಿಗಳು ಮತ್ತು ಅಂಚಿನ ಟಿಪ್ಪಣಿಗಳು ಅಚ್ಚುಕಟ್ಟಾದ ನಕಲಿನಲ್ಲಿ ಕಾಣಿಸುವುದಿಲ್ಲ.

ಈ ಮಿತಿಗಳನ್ನು ಅರಿತು ಬಳಸುವವರಿಗೆ ನಾನು ಈ ಸೇವೆಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಮಾರುವವರು ತೋರಿಸುವ ಪ್ರಮಾಣಪತ್ರ ಹಳೆಯದಾಗಿದ್ದರೆ, ಅದರ ಪ್ರತಿಯನ್ನು ನೆಚ್ಚಿಕೊಳ್ಳದೆ ಅದರ ನೈಜತೆಯನ್ನು ಮ್ಯೂಸಿಯಂನ ಪತ್ರಾಗಾರದಲ್ಲಿಯೇ ವಿಚಾರಿಸುವುದು ಒಳ್ಳೆಯದು. ಕಾರು ಈಗಾಗಲೇ ನಿಮ್ಮದಾಗಿದ್ದರೆ, ಒಂದು ನಟ್ಟನ್ನೂ ಬಿಚ್ಚುವ ಮೊದಲೇ ಅರ್ಜಿ ಹಾಕಿ. ಹಾಳೆ ಕೈಗೆ ಬರುವವರೆಗೆ ಕಾರನ್ನು ತೇವವಿಲ್ಲದ ಜಾಗದಲ್ಲಿ ಮುಚ್ಚಿಟ್ಟು, ಗ್ಯಾರೇಜಿನವರಿಗೆ ಕಾಯಲು ಹೇಳಿ.