ಸಾನ್ ಹುವಾನ್ ಲಾ ಲಗುನಾದ ನೇಕಾರ್ತಿಯರ ಅಂಗಡಿಗಳು: ಕೊಳ್ಳುವ ಮುನ್ನ ಏನೇನು ನೋಡಬೇಕು

ಗ್ವಾಟೆಮಾಲಾದಲ್ಲಿ ಮಾಯಾ ಕೈಮಗ್ಗದ ಬಟ್ಟೆ ಕೊಳ್ಳುವ ಆಸೆಯಿದ್ದರೆ ಅಟಿಟ್ಲಾನ್ ಸರೋವರದ ದಂಡೆಯ ಸಾನ್ ಹುವಾನ್ ಲಾ ಲಗುನಾಕ್ಕೇ ಹೋಗಿ. ತ್ಸುತುಹಿಲ್ ಮಾಯಾ ಜನರ ಊರಿದು. ಇಲ್ಲಿನ ಹಲವು ಅಂಗಡಿಗಳನ್ನು ನೇಕಾರ್ತಿಯರ ಸಂಘಗಳೇ ನಡೆಸುತ್ತವೆ. ಪನಹಾಚೆಲ್‌ನಿಂದ ದೋಣಿಯಲ್ಲಿ ಬರಬೇಕು, ಅದೂ ಬೆಳಿಗ್ಗೆಯೇ. ಮಧ್ಯಾಹ್ನದ ಮೇಲೆ ಶೊಕೊಮಿಲ್ ಎಂಬ ಗಾಳಿ ಎದ್ದರೆ ದೋಣಿ ಎತ್ತಿ ಎತ್ತಿ ಕುಕ್ಕುತ್ತದೆ. ದಡದಿಂದ ಮೇಲಕ್ಕೆ ಏರುದಾರಿ. ನಡೆಯಲಾಗದವರಿಗೆ ಬಜಾಜ್ ಆಟೊಗಳು ಇಲ್ಲಿಯೂ ಇವೆ. ಚಾಲಕ ತಂದು ನಿಲ್ಲಿಸಿದ ಅಂಗಡಿಯಲ್ಲೇ ಕೊಳ್ಳಬೇಕೆಂದೇನಿಲ್ಲ, ನಾಲ್ಕು ಕಡೆ ನೋಡಿ.

ಬಣ್ಣ ಹಾಕುವುದನ್ನು ತೋರಿಸುವಾಗ ಅವಸರ ಮಾಡಬೇಡಿ. ಪಾಪಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಹುಳು ಒಣಗಿದಾಗ ಕಾಳಿನಂತಿರುತ್ತದೆ, ಅಂಥದೊಂದನ್ನು ಅಂಗೈಯಲ್ಲಿಟ್ಟು ಹೊಸಕಿದರೆ ಕಡುಗೆಂಪು. ಅದಕ್ಕೆ ನಿಂಬೆರಸ ಬಿದ್ದರೆ ಕಿತ್ತಳೆಯತ್ತ ತಿರುಗುತ್ತದೆ, ಅಡುಗೆ ಸೋಡಾ ಸೇರಿದರೆ ನೇರಳೆ. ಒಂದೇ ಹುಳುವಿನಿಂದ ಇಷ್ಟು ಛಾಯೆ ಬರುವುದು ಹೀಗೆ. ನೀಲಿಗೆ ನೀಲಿಗಿಡ, ಕಂದಿಗೆ ತೆಂಗಿನ ಚಿಪ್ಪು. ಇಷ್ಕಾಕೊ ಎಂಬ ಹತ್ತಿಯ ನಾರೇ ಕಂದು, ಅದಕ್ಕೆ ಬಣ್ಣವೇ ಬೇಡ. ಬಣ್ಣ ಕಚ್ಚಿಕೊಳ್ಳಲು ಬಾಳೆದಿಂಡಿನ ರಸ ಬಳಸುತ್ತಾರೆ.

ಇಲ್ಲೊಂದು ಎಚ್ಚರಿಕೆ. ಬೀಟ್‌ರೂಟ್ ಮತ್ತು ಕ್ಯಾರೆಟ್‌ನ ಬಣ್ಣಗಳು ನೋಡಲು ಚೆಂದ, ಆದರೆ ಬಾಳಿಕೆ ಕಡಿಮೆ. ಬೀಟ್‌ರೂಟಿನದು ಬಿಸಿಲಿಗೂ ಒಗೆತಕ್ಕೂ ಬೇಗ ಸೋಲುತ್ತದೆ. ಕೊಚಿನೀಲ್ ಕೆಂಪು ಮತ್ತು ನೀಲಿಯನ್ನು ನಂಬಬಹುದು. ಒಂದೇ ಬಣ್ಣದ ಎರಡು ಶಾಲು ಬೇಕಿದ್ದರೆ ಎರಡೂ ಒಂದೇ ಸಲ ಬಣ್ಣ ಹಾಕಿದ ನೂಲಿನವೇ ಎಂದು ಕೇಳಿ ಕೊಳ್ಳಿ. ಮುಂದಿನ ಸಲದ ಪಾತ್ರೆಯಲ್ಲಿ ಅದೇ ಛಾಯೆ ಬರುವುದಿಲ್ಲ.

ಇನ್ನು ಮಗ್ಗ. ಹಾಸಿನ, ಎಂದರೆ ಉದ್ದಕ್ಕೆ ಎಳೆದ ನೂಲುಗಳ, ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಪಟ್ಟಿಯಿಂದ ನೇಕಾರ್ತಿಯ ಸೊಂಟಕ್ಕೆ. ಅವಳು ಹಿಂದಕ್ಕೆ ವಾಲಿದರೆ ಹಾಸು ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲ. ಕೈ ಎಟಕುವಷ್ಟೇ ಅಗಲ ಬರುವುದರಿಂದ ಅಗಲದ ಉಡುಪಾದ ವಿಪಿಲ್ ರವಿಕೆಗೆ ಎರಡು ಮೂರು ಪಟ್ಟಿ ನೇಯ್ದು ಹೊಲಿಯುತ್ತಾರೆ. ಬೂಟಾ ತುಂಬಿದ ಒಂದು ವಿಪಿಲ್‌ಗೆ ತಿಂಗಳುಗಳೇ ಹಿಡಿಯಬಹುದು, ಬೆಲೆ ಕೇಳುವಾಗ ಅದು ನೆನಪಿರಲಿ.

ಸೊಂಟದ ಮಗ್ಗದ್ದೇ ಎಂದು ತಿಳಿಯಲು ಬಟ್ಟೆಯ ತುದಿ ನೋಡಿ. ಹಾಸಿನ ಎಳೆ ಕೋಲನ್ನು ಸುತ್ತಿ ಮರಳುವುದರಿಂದ, ಕತ್ತರಿಸದ ಬಟ್ಟೆಗೆ ನಾಲ್ಕು ಕಡೆಯೂ ಅಂಚಿರುತ್ತದೆ. ಕೊನೆಯ ಕೆಲವು ಬೆರಳಿನಷ್ಟು ಜಾಗದಲ್ಲಿ ನೇಯ್ಗೆ ಸ್ವಲ್ಪ ಸಡಿಲವಾಗಿ ಕಾಣಬಹುದು: ಅಲ್ಲಿ ಹಲಗೆ ತೂರಿಸಿ ಬಡಿಯಲು ಜಾಗವಿಲ್ಲದೆ ಹೊಕ್ಕನ್ನು, ಎಂದರೆ ಅಡ್ಡ ಎಳೆಯನ್ನು, ಕೈಯಿಂದಲೇ ಸೇರಿಸಿರುತ್ತಾರೆ. ಅದು ದೋಷವಲ್ಲ. ಬಟ್ಟೆ ಬಹಳ ಅಗಲವಾಗಿ, ತುದಿ ಕತ್ತರಿಸಿ ಮಡಚಿ ಹೊಲಿದಿದ್ದರೆ ಅದು ಬಹುತೇಕ ತುಳಿಯುವ ಮಗ್ಗದ್ದು. ಸ್ಪ್ಯಾನಿಷರ ಕಾಲದಲ್ಲಿ ಬಂದ ಮಗ್ಗವದು. ಲಂಗದ ಬಟ್ಟೆ ಅದರಲ್ಲೇ ಆಗುವುದು, ಅದೂ ಇವರ ಪರಂಪರೆಯೇ. ಆದರೆ ಬೆಲೆ ಮಾತ್ರ ಕಡಿಮೆ ಇರಬೇಕು.

ಕೊಳ್ಳಬಾರದ್ದು ಮಿರಿಮಿರಿ ಪಾಲಿಯೆಸ್ಟರ್ ಮೇಲೆ ವಿಪಿಲ್ ಚಿತ್ರ ಮುದ್ರಿಸಿದ ಮಾಲು. ತಿರುಗಿಸಿ ನೋಡಿ, ಹಿಂಬದಿಯಲ್ಲಿ ಬೂಟಾದ ನೂಲೇ ಇರುವುದಿಲ್ಲ. ಇಂಥ ನಕಲು ನೇಕಾರ್ತಿಯರ ಅನ್ನಕ್ಕೇ ಕೈಹಾಕುತ್ತದೆ. ಅವರ ಚಳವಳಿಯ ಅರ್ಜಿಯ ಮೇಲೆ ಗ್ವಾಟೆಮಾಲಾದ ಸಾಂವಿಧಾನಿಕ ನ್ಯಾಯಾಲಯ 2017ರಲ್ಲಿ, ವಿನ್ಯಾಸಗಳ ಸಾಮೂಹಿಕ ಹಕ್ಕನ್ನು ಕಾಯುವ ಕಾನೂನು ರೂಪಿಸುವಂತೆ ಸಂಸತ್ತಿಗೆ ಹೇಳಿತು.

ಗಿಡ, ಹುಳುಗಳಿಂದ ಬಣ್ಣ ಹಾಕಿದ ತೆಳುಬಣ್ಣದ ಶಾಲು, ಚೀಲ, ಮೇಜಿನ ಹಾಸು ಹೆಚ್ಚಾಗಿ ಪ್ರವಾಸಿಗರಿಗೆಂದೇ ನೇಯ್ದವು. ನೇಕಾರ್ತಿಯರು ತಾವು ಉಡುವ ವಿಪಿಲ್‌ಗೆ ಅಂಗಡಿಯಲ್ಲಿ ಕೊಂಡ ಗಾಢ ಬಣ್ಣದ ನೂಲನ್ನು ಖುಷಿಯಿಂದಲೇ ಬಳಸುತ್ತಾರೆ. ಅದನ್ನು ಕಂಡು ಪರಂಪರೆ ಕೆಟ್ಟಿತೆಂದು ಮೂಗು ಮುರಿಯುವುದು ತಪ್ಪು. ಶಾಲಿನ ದುಡ್ಡಿನಿಂದಲೇ ಸೊಂಟದ ಮಗ್ಗ ಮಗಳ ಕೈಗೂ ಬರುತ್ತದೆ. ಉಡುವ ಬಣ್ಣ ಅವರವರ ಇಷ್ಟ.

ಹಲವು ಕಡೆ ಬೆಲೆಚೀಟಿಯ ಮೇಲೆ ನೇಯ್ದವರ ಹೆಸರಿರುತ್ತದೆ. ಅಲ್ಲಿ ಚೌಕಾಸಿ ಬೇಡ. ಕಾರ್ಡ್ ಎಲ್ಲ ಕಡೆ ನಡೆಯದು, ಅಲ್ಲಿನ ಹಣ ಕೆತ್ಸಾಲ್ ನಗದಾಗಿ ಕೈಯಲ್ಲಿರಲಿ. ಮನೆಗೆ ತಂದ ಮೇಲೆ ತಣ್ಣೀರಲ್ಲಿ ಸೌಮ್ಯ ಸೋಪು ಹಾಕಿ ಬೇರೆಯಾಗಿ ಒಗೆದು ನೆರಳಲ್ಲಿ ಒಣಗಿಸಿ. ಕೊಚಿನೀಲ್ ಕೆಂಪಿನ ಮೇಲೆ ಹುಣಸೆ ಅಥವಾ ನಿಂಬೆಯ ಹುಳಿ ಬಿದ್ದರೆ ಆ ಜಾಗದಲ್ಲಿ ಬಣ್ಣ ತಿರುಗಬಹುದು, ಕೂಡಲೇ ನೀರಲ್ಲಿ ಅದ್ದಿ ತೆಗೆಯಿರಿ.